ಆ ಸ್ನೇಹಾನ್ನ ಯಾಕ ಸಾಯಿಸಿದ್ರಿ?

ಧಾರಾವಾಹಿ ನೋಡುವವರನ್ನು ಕಂಡರೆ ಗೇಲಿ ಮಾಡೋದು ನಮ್ಮ ಗಂಡಸರಿಗೆ ಒಂದು ಚಟ. ಕ್ರಿಕೆಟ್ ತಂಡದಿಂದ ಯಾರನ್ನೋ ಕೈಬಿಟ್ಟರೆ ಚಹಾದಂಗಡಿಯಲ್ಲಿ ವಾರಗಟ್ಟಲೆ ಪಂಚಾಯ್ತಿ ಮಾಡ್ತೀವಿ. ಒಬ್ಬ ಶಾಸಕ ಪಕ್ಷ ಬಿಟ್ಟರೆ ನಾನೇ ಸ್ಟುಡಿಯೋದಲ್ಲಿ ಕೂತು ಒಂದು ಗಂಟೆ ಮಾತಾಡ್ತೀನಿ. ಅದೆಲ್ಲ ಗಂಭೀರ ವಿಷಯ. ಮನೆಯಾಕೆ "ಆ ಪಾತ್ರ ಮಾಡ್ತಿದ್ದೋರು ಯಾಕೆ ಬಿಟ್ಟರು" ಅಂತ ಕೇಳಿದರೆ ಮಾತ್ರ ಕೆಲಸವಿಲ್ಲದವರ ಮಾತು!

ಕಬ್ಬಿನ ದರದ ಸುದ್ದಿಗೆ ಗೋಕಾಕದ ಕಡೆ ಹೋದಾಗ ಅರಭಾವಿಯಲ್ಲಿ ಗಾಡಿ ನಿಲ್ಲಿಸಿ ಕ್ಯಾಮೆರಾ ಇಳಿಸಿದ್ದೆವು. ರೈತರ ಜೊತೆ ನಿಂತಿದ್ದ ಒಬ್ಬ ಹೆಣ್ಣುಮಗಳ ಮುಂದೆ ಮೈಕ್ ಹಿಡಿದೆ. ಆಕೆ ಹೇಳಿದ್ದು: "ಕಬ್ಬಿನ ರೇಟ ಆಮ್ಯಾಗ ಕೇಳ್ರಿ ಸಾಹೇಬ್ರ. ಮದಲ ಇದ ಹೇಳ್ರಿ, ಆ ಸ್ನೇಹಾನ್ನ ಯಾಕ ಸಾಯಿಸಿದ್ರಿ? ಡೀಸಿ ಆದ ಹುಡುಗಿ ರೀ ಆಕಿ!" ಅದು ನಮ್ಮ ಚಾನೆಲ್ ಅಲ್ಲಮ್ಮ ಅಂದೆ. "ಟಿವ್ಯಾಗ ಇರಾವ್ರು ಎಲ್ಲಾರೂ ಒಂದ ಅಲ್ಲೇನ್ರಿ?" ಅಂತ ತಿರುಗಿ ಕೇಳಿದಳು. ಸುತ್ತಲಿದ್ದವರು ನಕ್ಕರು. ಆಕೆ ನಗಲಿಲ್ಲ. ಆಮೇಲೆ ಗೊತ್ತಾಯ್ತು, ಆಕೆಯ ಮಗಳು ಧಾರವಾಡದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾಳೆ.

ಆಕೆ ಕೇಳಿದ್ದು ಜೀ ಕನ್ನಡದ 'ಪುಟ್ಟಕ್ಕನ ಮಕ್ಕಳು' ಬಗ್ಗೆ. 2021ರ ಡಿಸೆಂಬರ್‌ನಲ್ಲಿ ಶುರುವಾದ ಕಥೆ. ಉಮಾಶ್ರೀ ಅವರ ಪುಟ್ಟಕ್ಕ ಮೂರು ಹೆಣ್ಣು ಹೆತ್ತಳು ಅಂತ ಗಂಡ ಬಿಟ್ಟುಹೋದ ಹೆಂಗಸು. ಮೆಸ್ ನಡೆಸಿ ಮಕ್ಕಳನ್ನು ಸಾಕಿದವಳು. ನಡುವಿನ ಮಗಳೇ ಸ್ನೇಹಾ. ಓದಿ ಜಿಲ್ಲಾಧಿಕಾರಿ ಆಗೋದು ಅವಳ ಹಟ, ಆದಳು ಕೂಡ. ಬಡ್ಡಿ ಬಂಗಾರಮ್ಮನ ಮಗ ಕಂಠಿಯ ಜೊತೆ ಅವಳ ಜಗಳ, ಪ್ರೀತಿ, ಮದುವೆ ಎಲ್ಲವನ್ನೂ ಜನ ತಮ್ಮ ಮನೆಯದೇ ಅನ್ನುವ ಹಾಗೆ ನೋಡಿದರು. 2024ರ ನವೆಂಬರ್‌ನಲ್ಲಿ ಅಪಘಾತದಲ್ಲಿ ಸ್ನೇಹಾ ಸತ್ತಳು. ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಜೋಡಿಸಿದರು. ಆ ಹುಡುಗಿಯ ಹೆಸರೂ ಸ್ನೇಹಾ! ಬರೆಯುವವರ ಕಷ್ಟ ಬರೆಯುವವರಿಗೇ ಗೊತ್ತು.

ಅಸಲಿಗೆ ನಡೆದದ್ದೇನು? ಸ್ನೇಹಾ ಆಗಿದ್ದ ನಟಿ ಸಂಜನಾ ಬುರ್ಲಿ ಮುಂದೆ ಓದಬೇಕು ಅಂತ ಧಾರಾವಾಹಿ ಬಿಟ್ಟರು. ಓದುವ ಹುಡುಗಿಯ ಪಾತ್ರ ಮಾಡಿದವಳು ಓದೋಕೆ ಹೋದಳು. ಇದಕ್ಕಿಂತ ಒಳ್ಳೆಯ ಕಾರಣ ಬೇಕಾ? ಆದರೆ ಅರಭಾವಿಯ ಆ ತಾಯಿಗೆ ಕಂಡದ್ದು ಅದಲ್ಲ. ಕಷ್ಟಪಟ್ಟು ಓದಿ ಕುರ್ಚಿಯ ಮೇಲೆ ಕೂತ ಹುಡುಗಿ ಹೆಣವಾದದ್ದು ಕಂಡಿತು. ಅದನ್ನು ಕಂಡು ಆ ರಾತ್ರಿ ಧಾರವಾಡಕ್ಕೆ ಫೋನು ಹೋಗಿರುತ್ತದೆ ಅಂತ ನನ್ನ ಲೆಕ್ಕ.

ಪಾತ್ರಧಾರಿಗಳು ಯಾಕೆ ಬಿಡ್ತಾರೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ವಾರಕ್ಕೆ ಐದಾರು ಕಂತು ಪ್ರಸಾರ ಆಗಬೇಕು ಅಂದರೆ ಶೂಟಿಂಗ್ ನಿಲ್ಲುವ ಹಾಗಿಲ್ಲ. ಮುಂದಿನ ಕೆಲವು ದಿನಗಳ ಕಂತು ಮಾತ್ರ ಕೈಯಲ್ಲಿರುತ್ತೆ. ಸೀನ್ ಎಷ್ಟೋ ಸಲ ಅವತ್ತೇ ಬೆಳಿಗ್ಗೆ ಸೆಟ್ಟಿಗೆ ಬರುತ್ತೆ. ಹೆಚ್ಚಿನ ಕಲಾವಿದರಿಗೆ ಸಂಬಳ ದಿನದ ಲೆಕ್ಕ. ಬಂದ ದಿನಕ್ಕೆ ದುಡ್ಡು, ಬಾರದ ದಿನಕ್ಕಿಲ್ಲ. ಬೆಳಿಗ್ಗೆ ಹೋದವರು ರಾತ್ರಿ ಮನೆಗೆ. ಹೀಗೆ ಮೂರು ವರ್ಷ, ಐದು ವರ್ಷ. ನಡುವೆ ಸಿನಿಮಾ ಅವಕಾಶ ಬರುತ್ತೆ, ಮದುವೆ ಆಗುತ್ತೆ, ಬಿಗ್ ಬಾಸ್ ಕರೆಯುತ್ತೆ, ಆರೋಗ್ಯ ಕೈಕೊಡುತ್ತೆ. ಗುರುವಾರ ಬರುವ ಬಾರ್ಕ್ ರೇಟಿಂಗ್ ನೋಡಿ ಕಥೆಯನ್ನೇ ತಿರುಗಿಸುತ್ತಾರೆ. ನಿನ್ನೆವರೆಗೂ ನಾಯಕಿ ಆಗಿದ್ದವಳಿಗೆ ಇವತ್ತು ಮೂಲೆಯಲ್ಲಿ ನಿಂತು ಅಳುವ ಕೆಲಸ. ಬಿಡದೆ ಇರೋರನ್ನ ಕಂಡರೇ ನನಗೆ ಆಶ್ಚರ್ಯ.

ಬಿಟ್ಟ ಮೇಲೆ ಕಥೆಗಾರನ ಕೈಯಲ್ಲಿ ಉಳಿಯುವ ದಾರಿ ಕೆಲವೇ. ಒಂದು, ಸದ್ದಿಲ್ಲದೆ ಮುಖ ಬದಲಿಸೋದು. 'ಲಕ್ಷ್ಮೀ ಬಾರಮ್ಮ'ದಲ್ಲಿ ಕವಿತಾ ಗೌಡ ಹೋದ ಮೇಲೂ ಚಿನ್ನು ಇದ್ದಳು, ರಶ್ಮಿ ಪ್ರಭಾಕರ್ ಅವರ ಮುಖದಲ್ಲಿ. ಇನ್ನೊಂದು, ಪಾತ್ರವನ್ನು ಫಾರಿನ್ನಿಗೆ ಕಳಿಸೋದು. ಕನ್ನಡ ಧಾರಾವಾಹಿಗಳಿಂದ ಅಮೆರಿಕಕ್ಕೆ ಹೋದವರೆಲ್ಲ ಒಟ್ಟಿಗೆ ಸೇರಿದರೆ ಅಲ್ಲೊಂದು ತಾಲೂಕೇ ಆದೀತು. ಮೂರನೆಯದು ಸಾವು. ಕೊನೆಯದು, ಎಲ್ಲಕ್ಕಿಂತ ಧೈರ್ಯದ್ದು, ಪ್ಲಾಸ್ಟಿಕ್ ಸರ್ಜರಿ.

ಅದನ್ನು ನೋಡಿದ್ದು 'ಜೊತೆ ಜೊತೆಯಲಿ'ಯಲ್ಲಿ. 2019ರ ಸೆಪ್ಟೆಂಬರ್‌ನಲ್ಲಿ ಬಂದ ಧಾರಾವಾಹಿ, 'ಪುಟ್ಟಕ್ಕನ ಮಕ್ಕಳು' ಮಾಡಿದ ಆರೂರು ಜಗದೀಶ್ ಅವರದೇ. ನಲವತ್ತು ದಾಟಿದ ಉದ್ಯಮಿ ಆರ್ಯವರ್ಧನ್, ಇಪ್ಪತ್ತರ ಆಸುಪಾಸಿನ ಅನು ಸಿರಿಮನೆ. ಅನಿರುದ್ಧ್ ಮತ್ತು ಮೇಘಾ ಶೆಟ್ಟಿ. ಇಷ್ಟು ವಯಸ್ಸಿನ ಅಂತರ ಸರಿಯಾ ತಪ್ಪಾ ಅಂತ ಮನೆಮನೆಯಲ್ಲಿ ವಾದ ನಡೆದಿತ್ತು. ಮೂಲ ಕಥೆ ಮರಾಠಿಯ 'ತುಲಾ ಪಾಹತೆ ರೇ'. ಗೋಕಾಕ, ಹುಕ್ಕೇರಿ ಕಡೆ ಮರಾಠಿ ಚಾನೆಲ್ ನೋಡುವ ಮನೆಗಳಿಗೆ ಬರವಿಲ್ಲ. ಆ ಮನೆಗಳಲ್ಲಿ ಮುಂದೇನಾಗುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಕನ್ನಡದ್ದನ್ನು ನೋಡಿರುತ್ತಾರೆ. ಕಥೆಗಿಂತ ಆ ಇಬ್ಬರು ಮುಖ್ಯ ಆಗಿದ್ದರು, ಅಷ್ಟೇ.

2022ರ ಆಗಸ್ಟ್‌ನಲ್ಲಿ ಸೆಟ್ಟಿನ ಜಗಳ ಬೀದಿಗೆ ಬಂತು. ಚಿತ್ರೀಕರಣ ನಿಲ್ಲಿಸಿ ಹೋದರು, ನಷ್ಟ ಆಯ್ತು ಅಂತ ನಿರ್ಮಾಣದ ಕಡೆಯವರು. ಸೀನ್ ಬಗ್ಗೆ ಕೇಳಿದ್ದಕ್ಕೆ ಇಷ್ಟು ದೊಡ್ಡದು ಮಾಡಿದರು, ನನ್ನ ತಪ್ಪಿಲ್ಲ ಅಂತ ಅನಿರುದ್ಧ್. ಕಿರುತೆರೆ ನಿರ್ಮಾಪಕರು ಸೇರಿ ಎರಡು ವರ್ಷ ಅವರನ್ನು ಹಾಕಿಕೊಳ್ಳಬಾರದು ಅಂತ ತೀರ್ಮಾನಿಸಿದರು. ಯಾರು ಸರಿ ಅಂತ ಇಲ್ಲಿ ಕೂತು ತೀರ್ಪು ಕೊಡೋಕೆ ನನಗೆ ಇಷ್ಟವಿಲ್ಲ. ಆದರೆ ಒಂದು ಮಾತು: ಒಂದು ಕಡೆಯವರೇ ಕೂತು ಒಬ್ಬ ಕಲಾವಿದನ ಕೆಲಸ ನಿಲ್ಲಿಸೋದು ನ್ಯಾಯದ ಪಂಚಾಯ್ತಿ ಅಲ್ಲ. ದಿನದ ಸಂಬಳದ ಚಿಕ್ಕ ಕಲಾವಿದನಿಗೆ ಇದೇ ಆಗಿದ್ದರೆ ಅವನ ಹೆಸರು ಕೂಡ ನಮಗೆ ತಿಳೀತಿರಲಿಲ್ಲ. ಅನಿರುದ್ಧ್ ಆಮೇಲೆ ಉದಯ ಟಿವಿಯ 'ಸೂರ್ಯವಂಶ'ದಲ್ಲಿ ಬಂದರು. ಇತ್ತ ಕಥೆಯಲ್ಲಿ ಅಪಘಾತ ಆಯ್ತು, ಸರ್ಜರಿ ಆಯ್ತು, ಆರ್ಯವರ್ಧನ್ ಮುಖದ ಜಾಗದಲ್ಲಿ ಹರೀಶ್ ರಾಜ್ ಮುಖ ಬಂತು. ಹರೀಶ್ ರಾಜ್ ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೂ "ಇವರು ನಮ್ಮ ಆರ್ಯ ಅಲ್ಲ" ಅಂದವರೇ ಹೆಚ್ಚು. 2023ರಲ್ಲಿ ಧಾರಾವಾಹಿ ಮುಗೀತು.

ಯಾಕೆ ಹೀಗೆ? ಇದೇ ಗೋಕಾಕ–ಮೂಡಲಗಿ ಸೀಮೆಯ ಜನ ಶ್ರೀಕೃಷ್ಣ ಪಾರಿಜಾತವನ್ನು ಬೆಳಗಿನ ತನಕ ಕೂತು ನೋಡಿದವರು. ಕುಲಗೋಡ ತಮ್ಮಣ್ಣನ ಊರು ಇಲ್ಲೇ, ಆ ಆಟದಿಂದ ಹೆಸರಾದ ಕೌಜಲಗಿ ನಿಂಗಮ್ಮನ ಊರೂ ಇಲ್ಲೇ. ಪಾರಿಜಾತ ಅಂದರೆ ಏನು? ನಾರದ ತಂದ ಒಂದು ಹೂವು, ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಸಿಟ್ಟು ಬಂತು. ಒಬ್ಬ ಗಂಡ, ಇಬ್ಬರು ಹೆಂಡಿರು, ಚಾಡಿ, ಮುನಿಸು, ನಡುವೆ ದೂತಿಯ ಚುರುಕು ಮಾತು. ಇದು ಧಾರಾವಾಹಿ ಅಲ್ಲದೆ ಮತ್ತೇನು ಸ್ವಾಮಿ! ಅಲ್ಲಿ ಈ ವರ್ಷದ ಸತ್ಯಭಾಮೆ ಮುಂದಿನ ವರ್ಷ ಬೇರೆ ಮೇಳಕ್ಕೆ ಹೋದರೂ ಆಟ ಕೆಡುತ್ತಿರಲಿಲ್ಲ. ಹೋಲಿಸಿ ಮಾತಾಡುತ್ತಿದ್ದರು, ಆಕೆಯ ದನಿ ಚೆಂದ, ಈಕೆಯ ಬಿಂಕ ಚೆಂದ ಅಂತ. ಸತ್ಯಭಾಮೆ ನಟಿಗಿಂತ ದೊಡ್ಡವಳು. ಅವಳು ಮೊದಲೇ ಇದ್ದವಳು, ಆಮೇಲೂ ಇರುವವಳು.

ಸ್ನೇಹಾ ಹಾಗಲ್ಲ. ಸಂಜನಾ ಬುರ್ಲಿ ಮುಖ ತೋರಿಸುವ ಮೊದಲು ಸ್ನೇಹಾ ಎಲ್ಲೂ ಇರಲಿಲ್ಲ. ಟಿವಿಯಲ್ಲಿ ಆ ಮುಖ ಪರದೆ ತುಂಬ ಬರುತ್ತೆ, ದಿನಾ ಅದೇ ಹೊತ್ತಿಗೆ, ರೊಟ್ಟಿ ಬಡಿಯುವ ಹೊತ್ತಿಗೆ, ಮನೆಯೊಳಗೇ ಬರುತ್ತೆ. ಮೂರು ವರ್ಷ ದಿನಾ ಕಂಡ ಮುಖ ಅಂದರೆ ಊರಲ್ಲಿರೋ ಬೀಗರಿಗಿಂತ ಹತ್ತಿರ. ಆ ಮುಖ ಹೋಯ್ತು ಅಂದರೆ ಪಾತ್ರವೇ ಹೋದಂತೆ. ಹೆಸರು ಉಳಿಸಿದರೆ, ಹೃದಯ ಜೋಡಿಸಿದರೆ ಸಾಲದು.

ಇದು ನಮ್ಮವರ ಹಳ್ಳಿತನ ಅಂತ ಯಾರೂ ಅಂದುಕೊಳ್ಳಬೇಡಿ. 2000ದಲ್ಲಿ ಶುರುವಾದ ಹಿಂದಿಯ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ'ಯಲ್ಲಿ ಮಿಹಿರ್ ಸತ್ತಾಗ ದೇಶವೇ ಗಲಾಟೆ ಎಬ್ಬಿಸಿತು. ಸತ್ತವನನ್ನು ಬದುಕಿಸಿ ತಂದರು. ಮುಂದೆ ಅವನ ಮುಖ ಎರಡು ಸಲ ಬದಲಾಯ್ತು. ಇಂಗ್ಲೆಂಡಿನ 'ಕೊರೊನೇಷನ್ ಸ್ಟ್ರೀಟ್' 1960ರ ಡಿಸೆಂಬರ್‌ನಿಂದ ನಡೀತಾ ಇದೆ. ಮೊದಲ ಕಂತಿನಲ್ಲಿ ಕೆನ್ ಬಾರ್ಲೋ ಆಗಿ ಬಂದ ವಿಲಿಯಂ ರೋಚ್ ಅರವತ್ತು ವರ್ಷ ಕಳೆದ ಮೇಲೂ ಕೆನ್ ಬಾರ್ಲೋನೇ. ಅದೇ ದೇಶದ 'ಈಸ್ಟ್‌ಎಂಡರ್ಸ್‌'ನಲ್ಲಿ ಬೆನ್ ಮಿಚೆಲ್ ಅನ್ನೋ ಒಂದೇ ಪಾತ್ರವನ್ನು ನಾಲ್ಕಕ್ಕಿಂತ ಹೆಚ್ಚು ಜನ ಮಾಡಿದ್ದಾರೆ. ಅಲ್ಲಿಯ ಪ್ರೇಕ್ಷಕರು ಜಗಳ ಆಡದೆ ಬಿಡ್ತಾರೇನು? ಯಾವ ಬೆನ್ ನಿಜವಾದ ಬೆನ್ ಅಂತ ಅಲ್ಲೂ ವಾದ ಇದ್ದದ್ದೇ.

ಆದರೆ ಅಲ್ಲಿ ಒಂದು ಪದ್ಧತಿ ನನಗೆ ಹಿಡಿಸುತ್ತೆ. ದೊಡ್ಡ ಪಾತ್ರಧಾರಿ ಬಿಡೋದಾದರೆ ಸಾಮಾನ್ಯವಾಗಿ ಮುಂಚೆಯೇ ತಿಳಿಸ್ತಾರೆ: ಇವರು ಹೋಗ್ತಿದ್ದಾರೆ, ಇಂಥ ತಿಂಗಳು ಕೊನೆಯ ಕಂತು ಬರುತ್ತೆ ಅಂತ. ನೋಡುವವರು ಬೀಳ್ಕೊಡುಗೆಗೆ ತಯಾರಾಗ್ತಾರೆ. ನಮ್ಮಲ್ಲಿ? ನಟಿ ಫೋನಿನಲ್ಲಿ ಒಂದು ವಿಡಿಯೋ ಹಾಕಬೇಕು, ಇಲ್ಲವೇ ಸುದ್ದಿ ಚಾನೆಲ್‌ನವರು 'ಅಸಲಿ ಕಾರಣ ಇಲ್ಲಿದೆ' ಅಂತ ಅರ್ಧ ಗಂಟೆ ಎಳೀಬೇಕು. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಎರಡೂ ಮುಟ್ಟೋದಿಲ್ಲ. ಅವರಿಗೆ ಸಿಗೋದು ಒಂದು ಹೆಣ, ಇಲ್ಲವೇ ಒಂದು ಹೊಸ ಮುಖ.

ಕಂತಿನ ಕೊನೆಗೆ ಅರ್ಧ ನಿಮಿಷ ಸಾಕು. ನಟಿಯನ್ನೇ ಕೂರಿಸಿ, "ನಾನು ಓದೋಕೆ ಹೋಗ್ತಿದೀನಿ, ಇಷ್ಟು ದಿನ ನೋಡಿದ್ರಿ, ನಮಸ್ಕಾರ" ಅಂತ ಹೇಳಿಸಬಹುದು. ಸೋಪಿನ ಜಾಹೀರಾತು ಒಂದು ಕಡಿಮೆ ಆಗಬಹುದು, ಆಗಲಿ.