ಮಾಸ್ಕೋದ ಒಂದು ಸಂಸಾರ

ಗೂಢಚಾರನೆಂದೊಡನೆ ಪತ್ತೇದಾರಿ ಕಾದಂಬರಿಗಳ ಸಾಹಸಿಯೊಬ್ಬನು ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಸಹಜ. ಆದರೆ ಪರರಾಷ್ಟ್ರಗಳಿಗೆ ರಹಸ್ಯ ಒದಗಿಸಿದವರಲ್ಲಿ ಅನೇಕರು ದಿನವೂ ಕಚೇರಿಗೆ ಹೋಗಿಬರುತ್ತಿದ್ದ ಸಂಸಾರಸ್ಥರು. ಮಾಸ್ಕೋ ನಗರದ ಅಡಾಲ್ಫ್ ತೊಲ್ಕಚೋವ್ ಅಂಥವರಲ್ಲೊಬ್ಬ. ಆತನ ವೃತ್ತಾಂತವನ್ನು ಓದುವಾಗ ನಮ್ಮ ಗಮನವು ಆತನ ಜಾಣ್ಮೆಗಿಂತ ಹೆಚ್ಚಾಗಿ ಆತನ ಮನೆಯ ಕಡೆಗೇ ಹರಿಯುತ್ತದೆ.

1927ರಲ್ಲಿ ಜನಿಸಿದ ಈತನು ಯುದ್ಧವಿಮಾನಗಳ ರೇಡಾರ್ ರೂಪಿಸುತ್ತಿದ್ದ ಫಾಜೋಟ್ರಾನ್ ಸಂಸ್ಥೆಯ ಎಂಜಿನಿಯರ್. ಪತ್ನಿ ನತಾಲಿಯಾ, ಒಬ್ಬನೇ ಮಗ. ನತಾಲಿಯಾಳ ತಾಯಿಯನ್ನು ಸ್ಟಾಲಿನ್ ಆಡಳಿತವು 1938ರಲ್ಲಿ ಗುಂಡಿಕ್ಕಿ ಕೊಂದಿತ್ತು. ತಂದೆಯು ವರ್ಷಗಟ್ಟಲೆ ಶ್ರಮಶಿಬಿರದಲ್ಲಿ ಸವೆದನು. ಕೂಸು ಅನಾಥಾಲಯದಲ್ಲಿ ಬೆಳೆಯಿತು. ತಾನು ಕಂಡೇ ಇರದ ಅತ್ತೆಗಾದ ಈ ಅನ್ಯಾಯವು ಅಳಿಯನ ಎದೆಯಲ್ಲಿ ಬಹುಕಾಲ ಕುದಿಯಿತು.

1977ರ ಜನವರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಅಮೆರಿಕದ ಅಧಿಕಾರಿಯೊಬ್ಬನ ಬಳಿ ಆತನೇ ಹೋಗಿ ಚೀಟಿ ಕೊಟ್ಟನು. ಇದು ಸೋವಿಯತ್ ಪೊಲೀಸರ ಬಲೆಯಿರಬಹುದೆಂದು ಶಂಕಿಸಿದ ಸಿ.ಐ.ಎ. ಆತನನ್ನು ಹಲವು ಸಲ ದೂರವಿಟ್ಟಿತು. ಆತ ಬಿಡಲಿಲ್ಲ. ಮುಖಾಮುಖಿ ಭೇಟಿಗಳು ಆರಂಭವಾದುದು 1979ರಲ್ಲಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ರಹಸ್ಯ ಕಡತಗಳನ್ನು ಕೋಟಿನೊಳಗಿಟ್ಟು ಮನೆಗೆ ತರುವುದು, ಕುರ್ಚಿಯ ಬೆನ್ನಿಗೆ ಕ್ಯಾಮೆರಾ ಬಿಗಿದು ಪುಟಪುಟವನ್ನೂ ಚಿತ್ರಿಸುವುದು, ಮತ್ತೆ ಕಚೇರಿಗೆ ಮರಳುವುದು. ಇಷ್ಟೇ ಆತನ ಸಾಹಸ! ಅದರಿಂದ ಅಮೆರಿಕಕ್ಕೆ ಸುಮಾರು 200 ಕೋಟಿ ಡಾಲರ್ ಸಂಶೋಧನಾ ವೆಚ್ಚ ಉಳಿಯಿತೆಂದು ಅಲ್ಲಿಯ ವಾಯುಪಡೆಯು ಅಂದಾಜಿಸಿತ್ತು. ಮಿಗ್-29ರ ರೇಡಾರ್ ಈ ಸಂಸ್ಥೆಯದೇ. ಆ ವಿಮಾನವನ್ನು 1980ರ ದಶಕದಲ್ಲಿ ನಮ್ಮ ದೇಶವೂ ಕೊಂಡಿತೆಂಬುದನ್ನು ಮರೆಯಲಾಗದು.

ಹಣವನ್ನೂ ಆತ ಧಾರಾಳವಾಗಿಯೇ ಕೇಳಿದನು. ಅದರೊಡನೆ ಔಷಧಿ, ಪುಸ್ತಕಗಳು, ಮಗನಿಗಾಗಿ ಪಾಶ್ಚಾತ್ಯ ರಾಕ್ ಸಂಗೀತದ ಧ್ವನಿಮುದ್ರಿಕೆಗಳು. ಸಿಕ್ಕಿಬಿದ್ದರೆ ನುಂಗಲು ವಿಷದ ಗುಳಿಗೆಯನ್ನೂ ಹಟಹಿಡಿದು ಪಡೆದನು. ಮಗನಿಗೆ ಹಾಡು, ತನಗೆ ವಿಷ. ಎರಡೂ ಒಂದೇ ಕೈಯಿಂದ ಬಂದವು.

ಆತನನ್ನು ಹಿಡಿದುಕೊಟ್ಟವನೂ ರಹಸ್ಯ ಮಾರಿದವನೇ. ಎಡ್ವರ್ಡ್ ಲೀ ಹೋವರ್ಡ್ ಎಂಬವನನ್ನು ಮಾಸ್ಕೋಗೆ ಕಳುಹಿಸಲೆಂದು ಸಿ.ಐ.ಎ. ತರಬೇತಿ ನೀಡಿ, 1983ರಲ್ಲಿ ಕೆಲಸದಿಂದ ತೆಗೆದುಹಾಕಿತ್ತು. ಆ ಸೇಡಿನಿಂದ ಅವನು ಸೋವಿಯತ್ ಗುಪ್ತಚರರಿಗೆ ಸುಳಿವು ಕೊಟ್ಟನು. ಅದೇ ಸಂಸ್ಥೆಯ ಆಲ್ಡ್ರಿಚ್ ಏಮ್ಸ್‌ನೂ 1985ರಲ್ಲಿ ಹಣಕ್ಕಾಗಿ ಇಂಥ ಹೆಸರುಗಳನ್ನು ಮಾರಿದನು. ಆ ವರ್ಷದ ಜೂನ್ ತಿಂಗಳಲ್ಲಿ ತೊಲ್ಕಚೋವ್ ಬಂಧಿತನಾದನು. ಗುಳಿಗೆ ನುಂಗಲು ಅವಕಾಶವೇ ದೊರೆಯಲಿಲ್ಲ. 1986ರಲ್ಲಿ ಮರಣದಂಡನೆ ಜಾರಿಯಾಯಿತು.

ನತಾಲಿಯಾಳೂ ಸೆರೆಮನೆ ಸೇರಿದಳು. ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡವಳು ಈಗ ಗಂಡನನ್ನೂ ಅದೇ ಬಗೆಯಲ್ಲಿ ಕಳೆದುಕೊಂಡಳು. ಬಿಡುಗಡೆಯ ನಂತರ ಕ್ಯಾನ್ಸರ್ ತಗುಲಿದಾಗ ಆಕೆ ಅಮೆರಿಕದ ರಾಯಭಾರ ಕಚೇರಿಯ ನೆರವು ಯಾಚಿಸಿದಳು, ಅದು ಫಲಿಸಲಿಲ್ಲ. ಆ ಕಚೇರಿ ಇದ್ದುದು ಅವರು ಹಿಂದೆ ಸಂಸಾರ ಹೂಡಿದ್ದ ಕಟ್ಟಡದ ಸಮೀಪದಲ್ಲೇ. 1991ರಲ್ಲಿ ಆಕೆ ತೀರಿಕೊಂಡಳು.