ಮೌಂಟ್ ಆದೇಶಕ್ಕೊಂದು ಕೈಪಿಡಿ

ಭಾರತದ ಸಣ್ಣ ಉದ್ದಿಮೆಗಳು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯತೊಡಗಿದ 1980 ಮತ್ತು 90ರ ದಶಕಗಳಲ್ಲಿ ಬಳಕೆಗೆ ಬಂದ ಪ್ರೋಗ್ರಾಮುಗಳಲ್ಲಿ ಅನೇಕವು ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆಂದು ರಚಿತವಾದವು. ಇಂದಿನ 64 ಬಿಟ್‌ನ ವಿಂಡೋಸ್ ಆ ಹಳೆಯ 16 ಬಿಟ್ ಪ್ರೋಗ್ರಾಮುಗಳನ್ನು ನಡೆಸುವುದಿಲ್ಲ. ಕಲಬುರಗಿ ಸಮೀಪದ ನಂದೂರ ಕೈಗಾರಿಕಾ ಪ್ರದೇಶದ ಯಾವುದಾದರೊಂದು ದಾಲ್‌ಮಿಲ್ಲಿನಲ್ಲಿ ಅಂತಹ ಕಡತಗಳು ಉಳಿದಿದ್ದರೆ, ಅಂದಿನ ತೊಗರಿ ಖರೀದಿ, ಅಡತಿ, ಹಮಾಲಿಗಳ ವಿವರವನ್ನು ಮತ್ತೆ ತೆರೆದು ನೋಡಲು ಇರುವ ಸುಲಭ ದಾರಿ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಯಂತ್ರದೊಳಗೆ ಅನುಕರಿಸುವ ತಂತ್ರಾಂಶ. 2002ರಲ್ಲಿ ಬಿಡುಗಡೆಯಾದ ಡಾಸ್‌ಬಾಕ್ಸ್ ಅಂತಹದೊಂದು ಮುಕ್ತ ತಂತ್ರಾಂಶ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಡಾಸ್‌ಬಾಕ್ಸ್ ಹುಟ್ಟಿದ್ದು ಹಳೆಯ ಆಟಗಳಿಗಾಗಿ. ಆಟ ಕೆಟ್ಟರೆ ಮತ್ತೆ ತುಂಬಿಕೊಳ್ಳಬಹುದು, ಕಳೆದುಹೋದ ಲೆಕ್ಕವನ್ನು ಹಾಗೆ ತರಲಾಗದು. ಆದ್ದರಿಂದ ಮಿಲ್ಲಿನ ಗುಮಾಸ್ತನಿಗಾಗಿ ಬರೆಯುವ ಕೈಪಿಡಿಯ ಕ್ರಮವೇ ಬೇರೆಯಾಗಬೇಕು. ಡಾಸ್‌ಬಾಕ್ಸಿನ ಮೌಂಟ್ ಆದೇಶವನ್ನೇ ನೋಡಬಹುದು. ಈ ಆದೇಶವು ಕಂಪ್ಯೂಟರಿನ ಒಂದು ಫೋಲ್ಡರನ್ನು ಎಮ್ಯುಲೇಟರಿನೊಳಗೆ ‘ಸಿ’ ಡ್ರೈವ್ ಎಂದು ತೋರಿಸುತ್ತದೆ ಎಂಬಷ್ಟೇ ವಿವರಣೆ ಸರಿಯಾದರೂ ಸಾಲದು, ಏಕೆಂದರೆ ಒಳಗೆ ಕಾಣುವ ಕಡತ ನಕಲೆಂದು ಓದುಗ ಭಾವಿಸುವ ಸಂಭವವಿದೆ. ಅದು ನಿಜವಾದ ಕಡತವೇ ಆಗಿದ್ದು, ಒಳಗೆ ಅಳಿಸಿದರೆ ಹೊರಗೂ ಅಳಿಯುತ್ತದೆ. ಈ ಮಾತು ಆದೇಶದ ಸಾಲಿಗಿಂತ ಮೊದಲೇ ಬರಬೇಕು; ಲೆಕ್ಕದ ಫೋಲ್ಡರಿನ ಪ್ರತಿ ಮಾಡಿಕೊಂಡು ಆ ಪ್ರತಿಯನ್ನೇ ಮೌಂಟ್ ಮಾಡುವುದು ಕೈಪಿಡಿಯ ಮೊದಲ ಹೆಜ್ಜೆಯಾಗಬೇಕು.

ಎರಡನೆಯ ತೊಡಕು ಹೆಸರಿನದು. ಡಾಸ್‌ನಲ್ಲಿ ಕಡತದ ಹೆಸರಿಗೆ 8 ಅಕ್ಷರ, ಅದರ ಬಗೆಯನ್ನು ಸೂಚಿಸುವ ಬಾಲಕ್ಕೆ 3 ಅಕ್ಷರ ಮಾತ್ರ ಮೀಸಲಾಗಿರುವುದರಿಂದ, ರೋಮನ್ ಲಿಪಿಯಲ್ಲಿ ಉದ್ದವಾಗಿ ಹೆಸರಿಸಿದ ಖರೀದಿ ಕಡತವು ಒಳಗೆ ಮೊದಲ ಆರು ಅಕ್ಷರ, ಒಂದು ಅಲೆಗೆರೆ, ಒಂದು ಅಂಕಿಯಾಗಿ ಮೊಟಕುಗೊಂಡು ಕಾಣುತ್ತದೆ. ಹೊರಗಿನಿಂದ ಆಮೇಲೆ ಸೇರಿಸಿದ ಕಡತವಂತೂ ಕಂಟ್ರೋಲ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ ಪಟ್ಟಿಯನ್ನು ನವೀಕರಿಸುವವರೆಗೆ ಕಾಣದೇ ಇರಬಹುದು. ಇದನ್ನು ತಿಳಿಯದ ಓದುಗ ಕಡತವೇ ಹಾಳಾಯಿತೆಂದು ಗಾಬರಿಪಡುವುದು ಸಹಜ. ಆ ಗಾಬರಿ ಹುಟ್ಟುವ ಜಾಗದಲ್ಲೇ ಉತ್ತರವೂ ಇರಬೇಕು, ಕೊನೆಯ ಪುಟದ ಅನುಬಂಧದಲ್ಲಲ್ಲ.

ಬರೆದದ್ದು ಸ್ಪಷ್ಟವಾಗಿದೆಯೇ ಎಂದು ವಿಷಯ ತಿಳಿದವರೇ ತೀರ್ಮಾನಿಸಲಾಗದು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮುಕ್ತ ತಂತ್ರಾಂಶಗಳ ಪಾಠಗಳನ್ನು ಒದಗಿಸುವ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ, ಪಾಠದ ಬರಹವನ್ನು ವಿಷಯತಜ್ಞರಲ್ಲದೆ ಆ ವಿಷಯಕ್ಕೆ ಹೊಸಬರಾದವರೂ ಪರಿಶೀಲಿಸುವ ಮೆಚ್ಚತಕ್ಕ ಪದ್ಧತಿಯಿದೆ. ಮೌಂಟ್ ಕುರಿತ ಕೈಪಿಡಿಯನ್ನೂ ಡಾಸ್ ಕಾಣದ ಒಬ್ಬ ಗುಮಾಸ್ತನ ಕೈಗಿತ್ತು, ಬಾಯಿಮಾತಿನ ನೆರವು ಕೊಡದೆ, ಅವನು ಎಲ್ಲಿ ತಡೆದು ನಿಲ್ಲುತ್ತಾನೆಂಬುದನ್ನು ಗುರುತು ಹಾಕಿಕೊಂಡು ಆ ಸಾಲುಗಳನ್ನು ಮತ್ತೆ ಬರೆಯಬೇಕು. ಅವನು ಡಾಸ್‌ಬಾಕ್ಸನ್ನು ಮುಚ್ಚಿ ಮರುದಿನ ತೆರೆದಾಗ ‘ಸಿ’ ಡ್ರೈವ್ ಕಾಣದೆ ನಿಲ್ಲುವುದು ಬಹುಮಟ್ಟಿಗೆ ಖಚಿತ. ಅದಕ್ಕೂ ಕೈಪಿಡಿಯಲ್ಲಿ ಉತ್ತರವಿರಬೇಕು: ಮೌಂಟ್ ಆದೇಶವನ್ನು ಡಾಸ್‌ಬಾಕ್ಸಿನ ಸಂರಚನಾ ಕಡತದ ಕೊನೆಯಲ್ಲಿರುವ ಆಟೋಎಕ್ಸೆಕ್ ವಿಭಾಗದಲ್ಲಿ ಬರೆದಿಟ್ಟರೆ ಪ್ರತಿ ಸಲವೂ ತಾನಾಗಿಯೇ ಜಾರಿಯಾಗುತ್ತದೆ.