ಗ್ರಾಮೀಣ ಇಂಗ್ಲೆಂಡಿನ ಕುಟುಂಬ ಚರಿತ್ರೆ ಮತ್ತು ಹಳೆಯ ಸ್ಥಳೀಯ ಪತ್ರಿಕೆಗಳ ಶೋಧ

ಇಂಗ್ಲೆಂಡಿನಲ್ಲಿ ಕುಟುಂಬ ಚರಿತ್ರೆಯ ಅಧ್ಯಯನವು ಮೊದಲಿಗೆ ಶ್ರೀಮಂತ ಮನೆತನಗಳ ಹಾಗೂ ಭೂಮಾಲೀಕರ ವಂಶಾವಳಿಗಳಿಗೆ ಸೀಮಿತವಾಗಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಸಾಮಾನ್ಯ ಜನರತ್ತ ಹೊರಳಿತು. ಹೊಲಗೆಲಸದ ಕೂಲಿಯಾಳು, ಕುರಿಕಾಯುವವನು, ಕಮ್ಮಾರ, ಮನೆಗೆಲಸದ ಹೆಣ್ಣುಮಗಳು ಇಂಥವರ ವಂಶಜರು ತಮ್ಮ ಹಿರಿಯರ ಬದುಕನ್ನು ಅರಿಯಲು ಮುಂದಾದಾಗ ಅವರಿಗೆ ಎದುರಾದದ್ದು ಆಕರಗಳ ಕೊರತೆ. ನಮ್ಮಲ್ಲಿ ಹೆಳವರು ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಹೇಳುತ್ತ ಬಂದಿರುವಂತಹ ವ್ಯವಸ್ಥೆ ಅಲ್ಲಿನ ಕೂಲಿಕಾರರಿಗೆ ಇರಲಿಲ್ಲ. ಆದ್ದರಿಂದ ಲಿಖಿತ ದಾಖಲೆಗಳನ್ನೇ ಆಶ್ರಯಿಸುವುದು ಅನಿವಾರ್ಯವಾಯಿತು.

1538ರಿಂದ ಇಡಲಾದ ಪ್ಯಾರಿಷ್ ಚರ್ಚುಗಳ ದಾಖಲೆಗಳು, 1837ರ ಜುಲೈ 1ರಿಂದ ಆರಂಭವಾದ ಸರ್ಕಾರಿ ಜನನ-ಮರಣ ನೋಂದಣಿ, 1841ರಿಂದ ದೊರೆಯುವ ಹೆಸರುಸಹಿತ ಜನಗಣತಿ ಪಟ್ಟಿಗಳು ಈ ಅಧ್ಯಯನದ ಮುಖ್ಯ ಆಕರಗಳು. ಆದರೆ ಇವು ವ್ಯಕ್ತಿ ಹುಟ್ಟಿದ್ದನ್ನು, ಮದುವೆಯಾದದ್ದನ್ನು, ಸತ್ತದ್ದನ್ನು ಹೇಳುತ್ತವೆಯೇ ಹೊರತು ಬದುಕಿದ್ದನ್ನು ಹೇಳುವುದಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲ ಆಕರವೆಂದರೆ ಸ್ಥಳೀಯ ವಾರಪತ್ರಿಕೆ. ಅಂತಹ ಪತ್ರಿಕೆಗಳನ್ನು ಪತ್ತೆಹಚ್ಚುವ ಬಗೆಯನ್ನೂ, ಅವುಗಳನ್ನು ಓದುವಾಗ ಜಾನಪದ ಸಂಶೋಧಕನು ವಹಿಸಬೇಕಾದ ಎಚ್ಚರವನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪತ್ರಿಕೆಗಳ ಬೆಳವಣಿಗೆ

ಮುದ್ರಣ ಪರವಾನಗಿ ಕಾಯಿದೆಯು 1695ರಲ್ಲಿ ಕೊನೆಗೊಂಡ ಬಳಿಕ ಲಂಡನ್ನಿನ ಹೊರಗೂ ಪತ್ರಿಕೆಗಳು ತಲೆಯೆತ್ತಿದವು. 1701ರ ಸುಮಾರಿಗೆ ಹೊರಟ 'ನಾರ್ವಿಚ್ ಪೋಸ್ಟ್' ಇವುಗಳಲ್ಲಿ ಮೊದಲನೆಯದೆಂದು ಪರಿಗಣಿತವಾಗಿದೆ. 1712ರಲ್ಲಿ ಹೇರಲಾದ ಮುದ್ರಾಂಕ ತೆರಿಗೆಯು ಕ್ರಮೇಣ ಏರುತ್ತ 1815ರಲ್ಲಿ ಪ್ರತಿಯೊಂದಕ್ಕೆ ನಾಲ್ಕು ಪೆನ್ನಿಗಳಷ್ಟಾಯಿತು. 1836ರಲ್ಲಿ ಅದು ಒಂದು ಪೆನ್ನಿಗೆ ಇಳಿಯಿತು, 1855ರಲ್ಲಿ ರದ್ದಾಯಿತು. ಜಾಹೀರಾತಿನ ಮೇಲಿನ ತೆರಿಗೆ 1853ರಲ್ಲಿ, ಕಾಗದದ ಮೇಲಿನ ತೆರಿಗೆ 1861ರಲ್ಲಿ ಕೊನೆಗೊಂಡವು.

ಈ ತೆರಿಗೆಗಳ ಇತಿಹಾಸವನ್ನು ಅರಿಯದೆ ಹಳ್ಳಿಯ ಸುದ್ದಿಯನ್ನು ಹುಡುಕಹೊರಟರೆ ಶ್ರಮ ವ್ಯರ್ಥವಾದೀತು. 1855ಕ್ಕೆ ಮೊದಲಿನ ಕೌಂಟಿ ಪತ್ರಿಕೆಗಳು ಸಾಮಾನ್ಯವಾಗಿ ನಾಲ್ಕು ಪುಟಗಳ ವಾರಪತ್ರಿಕೆಗಳು. ಅವುಗಳ ಬೆಲೆ ಹೆಚ್ಚು, ಓದುಗರು ಅನುಕೂಲಸ್ಥರು, ಪುಟಗಳಲ್ಲಿ ಬಹುಪಾಲು ಲಂಡನ್ ಪತ್ರಿಕೆಗಳಿಂದ ಎತ್ತಿಕೊಂಡ ವಾರ್ತೆಗಳು. 1855ರ ನಂತರ ಸಣ್ಣ ಸಂತೆಪೇಟೆಗಳಲ್ಲಿಯೂ ಒಂದು ಪೆನ್ನಿ ಬೆಲೆಯ ಪತ್ರಿಕೆಗಳು ಹುಟ್ಟಿಕೊಂಡವು. ಇವುಗಳಲ್ಲಿ ಹಲವು ಲಂಡನ್ನಿನಲ್ಲಿ ಒಂದು ಬದಿ ಮುದ್ರಿತವಾದ ಹಾಳೆಗಳನ್ನು ತರಿಸಿಕೊಂಡು, ಉಳಿದ ಬದಿಯಲ್ಲಿ ಊರ ಸುದ್ದಿಯನ್ನು ಅಚ್ಚುಹಾಕುತ್ತಿದ್ದವು. ಹೀಗಾಗಿ ಸಂಶೋಧಕನು ಮೊದಲು ಗಮನಿಸಬೇಕಾದದ್ದು ಸ್ಥಳೀಯವಾಗಿ ಅಚ್ಚಾದ ಪುಟಗಳನ್ನು. ಅಲ್ಲಿ ಹಳ್ಳಿಗಳ ಹೆಸರಿನ ಕೆಳಗೆ ಸುಗ್ಗಿಯ ಊಟ, ನೇಗಿಲು ಸ್ಪರ್ಧೆ, ಶಾಲೆಯ ಸಮಾರಂಭ, ಬಣವೆಗೆ ಬಿದ್ದ ಬೆಂಕಿ ಮೊದಲಾದ ಸಂಗತಿಗಳು ವಾರವಾರವೂ ದಾಖಲಾಗಿವೆ.

ಹಳ್ಳಿಗೆ ಸೇರಿದ ಪತ್ರಿಕೆ ಯಾವುದು?

ಹಳ್ಳಿಗೆ ಅದರದೇ ಆದ ಪತ್ರಿಕೆ ಇರುತ್ತಿರಲಿಲ್ಲ. ಅದು ಯಾವ ಸಂತೆಗೆ ನಡೆಯುತ್ತಿತ್ತೋ ಆ ಪೇಟೆಯ ಪತ್ರಿಕೆಯಲ್ಲಿ ಅದರ ಸುದ್ದಿ ಬರುತ್ತಿತ್ತು. ಆಡಳಿತದ ಗಡಿಗೂ ಪತ್ರಿಕೆಯ ಪ್ರಸಾರದ ಗಡಿಗೂ ಸಂಬಂಧವಿರಲಿಲ್ಲ. ಡಾರ್ಸೆಟ್ ಕೌಂಟಿಯ ಹಳ್ಳಿಯೊಂದನ್ನು ಉದಾಹರಣೆಯಾಗಿ ನೋಡಬಹುದು. ಅದರ ಸುದ್ದಿಯನ್ನು ಡಾರ್ಚೆಸ್ಟರಿನ 'ಡಾರ್ಸೆಟ್ ಕೌಂಟಿ ಕ್ರಾನಿಕಲ್'ನಲ್ಲಿ ಮಾತ್ರವಲ್ಲದೆ ಷೆರ್‌ಬೋರ್ನ್ ಪಟ್ಟಣದ ಪತ್ರಿಕೆಯಲ್ಲೂ, ನೆರೆಯ ವಿಲ್ಟ್‌ಷೈರ್ ಕೌಂಟಿಗೆ ಸೇರಿದ ಸಾಲ್ಸ್‌ಬರಿಯ 'ಜರ್ನಲ್'ನಲ್ಲೂ ಹುಡುಕಬೇಕಾಗುತ್ತದೆ. ಆದ್ದರಿಂದ ಶೋಧವು ಪತ್ರಿಕೆಯ ಹೆಸರಿನಿಂದಲ್ಲ, ಭೂಪಟದಿಂದ ಆರಂಭವಾಗಬೇಕು. ಹಳ್ಳಿಯ ಸುತ್ತಲಿನ ಸಂತೆಪೇಟೆಗಳನ್ನು, ರಸ್ತೆಗಳನ್ನು, ನ್ಯಾಯಪೀಠ ಸೇರುತ್ತಿದ್ದ ಊರುಗಳನ್ನು ಗುರುತಿಸಿ, ಆಯಾ ಊರುಗಳಲ್ಲಿ ಯಾವ ಕಾಲದಲ್ಲಿ ಯಾವ ಪತ್ರಿಕೆ ಇತ್ತೆಂಬ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಬೇಕು.

ಇದಕ್ಕೆ ನೆರವಾಗುವ ಕೈಪಿಡಿಗಳಲ್ಲಿ ಜೆರೆಮಿ ಗಿಬ್ಸನ್ ಮತ್ತು ಸಂಗಡಿಗರು ಸಿದ್ಧಪಡಿಸಿದ, 1750ರಿಂದ 1920ರವರೆಗಿನ ಸ್ಥಳೀಯ ಪತ್ರಿಕೆಗಳು ದೊರೆಯುವ ಸ್ಥಳಗಳ ಸೂಚಿ ಉಲ್ಲೇಖಾರ್ಹ. 1980ರ ದಶಕದಲ್ಲಿ ರೂಪುಗೊಂಡ 'ನ್ಯೂಸ್‌ಪ್ಲಾನ್' ಎಂಬ ಸಹಕಾರಿ ಯೋಜನೆಯು ಪ್ರದೇಶವಾರು ಸಮೀಕ್ಷೆ ನಡೆಸಿ, ಯಾವ ಪತ್ರಿಕೆಯ ಯಾವ ವರ್ಷಗಳ ಸಂಚಿಕೆಗಳು ಎಲ್ಲಿ ಉಳಿದಿವೆ ಎಂಬುದನ್ನು ದಾಖಲಿಸಿತು. ಶಿಥಿಲ ಸಂಚಿಕೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಲು ದಾರಿಮಾಡಿತು.

ಸಂಗ್ರಹಗಳು ಮತ್ತು ನಷ್ಟಗಳು

1822ರ ನಂತರ ಹಂತಹಂತವಾಗಿ ಮುದ್ರಾಂಕ ಕಚೇರಿಯ ಪ್ರತಿಗಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರತೊಡಗಿದವು. 1869ರಿಂದ ಪ್ರಕಾಶಕರೇ ನೇರವಾಗಿ ಸಲ್ಲಿಸುವ ಪದ್ಧತಿ ಬಂದಿತು. ಈ ಸಂಗ್ರಹಕ್ಕಾಗಿ ಲಂಡನ್ನಿನ ಕಾಲಿಂಡೇಲ್‌ನಲ್ಲಿ 1905ರಲ್ಲಿ ಉಗ್ರಾಣವನ್ನೂ 1932ರಲ್ಲಿ ವಾಚನಾಲಯವನ್ನೂ ತೆರೆಯಲಾಯಿತು. 1940ರ ಅಕ್ಟೋಬರಿನ ಬಾಂಬ್ ದಾಳಿಯಲ್ಲಿ ಅಲ್ಲಿನ ಸುಮಾರು 6,000 ಸಂಪುಟಗಳು ನಾಶವಾದವು; ಸುಮಾರು 15,000 ಸಂಪುಟಗಳು ಹಾನಿಗೊಂಡವು. ನಾಶವಾದವುಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಪ್ರಾಂತೀಯ ಹಾಗೂ ಐರ್ಲೆಂಡಿನ ಪತ್ರಿಕೆಗಳು. ಬೇರೆಡೆ ಪ್ರತಿ ಉಳಿಯದ ಕಡೆ, ಎಷ್ಟೋ ಕೂಲಿಕಾರ ಕುಟುಂಬಗಳ ಏಕೈಕ ಉಲ್ಲೇಖವೂ ಆ ಬೆಂಕಿಯಲ್ಲಿ ಅಳಿಸಿಹೋಯಿತೆಂದೇ ಭಾವಿಸಬೇಕು. ರಾಷ್ಟ್ರೀಯ ಸಂಗ್ರಹದಲ್ಲಿ ಕಾಣದ ಸಂಚಿಕೆಯು ಕೌಂಟಿಯ ದಾಖಲೆ ಕಚೇರಿಯಲ್ಲಿಯೋ ಊರಿನ ಗ್ರಂಥಾಲಯದಲ್ಲಿಯೋ ಪತ್ರಿಕಾ ಕಚೇರಿಯ ಕಡತದಲ್ಲಿಯೋ ಇರುವ ಸಾಧ್ಯತೆಯನ್ನು ಈ ಕಾರಣದಿಂದಲೇ ಕೈಬಿಡಬಾರದು.

ಕಾಲಿಂಡೇಲ್ ವಾಚನಾಲಯವು 2013ರಲ್ಲಿ ಮುಚ್ಚಿತು. ಮೂಲಪ್ರತಿಗಳು ಯಾರ್ಕ್‌ಷೈರಿನ ಬೋಸ್ಟನ್ ಸ್ಪಾದಲ್ಲಿನ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡವು. 2011ರ ನವೆಂಬರಿನಲ್ಲಿ ಆರಂಭವಾದ 'ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್' ಕೋಟಿಗಟ್ಟಲೆ ಪುಟಗಳನ್ನು ಅಂತರ್ಜಾಲಕ್ಕೆ ತಂದಿದೆ. ಆದರೆ ಅಲ್ಲಿ ಹೆಸರು ಸಿಗದಿದ್ದರೆ ಸುದ್ದಿಯೇ ಇರಲಿಲ್ಲವೆಂದು ತೀರ್ಮಾನಿಸುವಂತಿಲ್ಲ. ಮಾಸಿದ ಅಚ್ಚನ್ನು ಗಣಕಯಂತ್ರ ತಪ್ಪಾಗಿ ಓದುತ್ತದೆ; ಹದಿನೆಂಟನೆಯ ಶತಮಾನದ ಉದ್ದನೆಯ 'ಎಸ್' ಅಕ್ಷರವನ್ನು 'ಎಫ್' ಎಂದು ಗ್ರಹಿಸುತ್ತದೆ. ಹೆಸರಿನ ಬದಲು ಹಳ್ಳಿಯ, ಹೊಲಮನೆಯ ಅಥವಾ ಹೆಂಡದಂಗಡಿಯ ಹೆಸರಿನಿಂದ ಹುಡುಕುವುದು ಅನೇಕ ವೇಳೆ ಫಲಕಾರಿ. ಅದೂ ಸಾಧ್ಯವಾಗದಿದ್ದಲ್ಲಿ ಸಂಚಿಕೆಗಳನ್ನು ಪುಟಪುಟವಾಗಿ ಓದುವುದೇ ಉಳಿದ ದಾರಿ.

ಹಾಗೆ ಓದುವಾಗ ಇತರ ದಾಖಲೆಗಳು ದಿನಾಂಕವನ್ನು ಸೂಚಿಸಬಲ್ಲವು. ಮರಣಪತ್ರದಲ್ಲಿ ಮಾಹಿತಿ ನೀಡಿದವರ ಸ್ಥಾನದಲ್ಲಿ ಕಾರೊನರ್ ಎಂಬ ಅಧಿಕಾರಿಯ ಉಲ್ಲೇಖವಿದ್ದರೆ ಆ ಸಾವಿನ ಬಗ್ಗೆ ವಿಚಾರಣೆ ನಡೆದಿದೆ ಎಂದರ್ಥ. ವಿಚಾರಣೆಯು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ, ಎಷ್ಟೋ ಸಲ ಹಳ್ಳಿಯ ಹೆಂಡದಂಗಡಿಯಲ್ಲಿಯೇ, ನಡೆಯುತ್ತಿತ್ತು. ಮುಂದಿನ ಎರಡು ವಾರಗಳ ಸಂಚಿಕೆಗಳನ್ನು ನೋಡಿದರೆ ನೆರೆಹೊರೆಯವರ ಸಾಕ್ಷ್ಯವೂ ದೊರೆಯಬಹುದು. ಕಾರೊನರ್‌ಗಳ ಮೂಲ ಕಡತಗಳು ಬಹಳಷ್ಟು ಕಡೆ ನಾಶವಾಗಿರುವುದರಿಂದ ಪತ್ರಿಕೆಯ ವರದಿಯೇ ಉಳಿದ ಸಾಕ್ಷ್ಯ.

ಪತ್ರಿಕೆಯ ದನಿ, ಜನರ ದನಿ

ಬಡವನು ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಸಂಕಟದ ಗಳಿಗೆಯಲ್ಲಿ. ಮೊಲ ಹಿಡಿದು ಸಿಕ್ಕಿಬಿದ್ದಾಗ, ಗಾಡಿಯ ಚಕ್ರಕ್ಕೆ ಸಿಲುಕಿ ಸತ್ತಾಗ, ಹೆಂಡತಿ ಮಕ್ಕಳನ್ನು ಪ್ಯಾರಿಷ್‌ನ ಪಾಲಿಗೆ ಬಿಟ್ಟು ಓಡಿಹೋದಾಗ ಅವನ ಹೆಸರು ಅಚ್ಚಾಗುತ್ತದೆ. ಓಡಿಹೋದವರ ಕುರಿತ ಜಾಹೀರಾತುಗಳಲ್ಲಿ ಎತ್ತರ, ಕೂದಲ ಬಣ್ಣ, ತೊಟ್ಟ ಉಡುಪುಗಳ ವಿವರವಿರುತ್ತದೆ. ಚಿತ್ರವೇ ಇಲ್ಲದ ಪೂರ್ವಜನ ರೂಪ ವಂಶಜರಿಗೆ ದೊರೆಯುವುದು ಇಲ್ಲಿಯೇ. 1830ರ 'ಕ್ಯಾಪ್ಟನ್ ಸ್ವಿಂಗ್' ದಂಗೆಯಲ್ಲಿ ಒಕ್ಕಣೆಯಂತ್ರಗಳನ್ನು ಮುರಿದ ಕೂಲಿಕಾರರ ಹಾಗೂ 1834ರಲ್ಲಿ ಗಡೀಪಾರಾದ ಟೋಲ್‌ಪಡಲ್ ಹಳ್ಳಿಯ ಆರು ಮಂದಿಯ ವಿಚಾರಣೆಗಳೂ ಪತ್ರಿಕೆಗಳಲ್ಲಿ ವರದಿಯಾದವು.

ಆದರೆ ವರದಿಗಾರನು ಕೂಲಿಕಾರನ ವರ್ಗದವನಲ್ಲ. ಜನರ ಉಪಭಾಷೆಯನ್ನು ನಗೆಗಾಗಿ ಬಳಸಿಕೊಳ್ಳುವುದು, ಆಚರಣೆಗಳನ್ನು ಅನಾಗರಿಕವೆಂದು ಜರೆಯುವುದು ಆ ಬರಹಗಳಲ್ಲಿ ಸಾಮಾನ್ಯ. ಸಂತೆಯಲ್ಲಿ ಕೊರಳಿಗೆ ಹಗ್ಗ ಹಾಕಿ ಹೆಂಡತಿಯನ್ನು 'ಮಾರುವ' ಪದ್ಧತಿಯನ್ನು ಇತಿಹಾಸಕಾರ ಇ. ಪಿ. ಥಾಮ್ಸನ್ ಅವರು 1991ರ ತಮ್ಮ 'ಕಸ್ಟಮ್ಸ್ ಇನ್ ಕಾಮನ್' ಗ್ರಂಥದಲ್ಲಿ ಬಹುಮಟ್ಟಿಗೆ ಇಂತಹ ವರದಿಗಳ ಆಧಾರದಿಂದಲೇ ಅಭ್ಯಸಿಸಿ, ವಿಚ್ಛೇದನಕ್ಕೆ ಬೇರೆ ದಾರಿಯಿಲ್ಲದ ಜನರ ವಿಧಿಯನ್ನು ಅದರಲ್ಲಿ ಗುರುತಿಸಿದರು. ಅದಕ್ಕೆ ಬಹಳ ಮೊದಲೇ ಕಾದಂಬರಿಕಾರ ಥಾಮಸ್ ಹಾರ್ಡಿ 'ಡಾರ್ಸೆಟ್ ಕೌಂಟಿ ಕ್ರಾನಿಕಲ್'ನ ಹಳೆಯ ಸಂಚಿಕೆಗಳಿಂದ ಟಿಪ್ಪಣಿಗಳನ್ನು ಮಾಡಿಕೊಂಡಿದ್ದರು. ಹೆಂಡತಿಯ ಮಾರಾಟದಿಂದ ಆರಂಭವಾಗುವ ಅವರ 'ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಡ್ಜ್' 1886ರಲ್ಲಿ ಪ್ರಕಟವಾಯಿತು. ಒಂದೇ ಬಗೆಯ ವರದಿಯಿಂದ ಕಾದಂಬರಿಕಾರ, ಇತಿಹಾಸಕಾರ, ವಂಶಜ ಈ ಮೂವರೂ ಬೇರೆ ಬೇರೆ ಸತ್ಯಗಳನ್ನು ಪಡೆಯಬಲ್ಲರು. ಹೇಳಿಕೆಯನ್ನು ಹೇಳಿದವನಿಂದ ಬೇರ್ಪಡಿಸಿ ನೋಡುವ ಜಾನಪದದ ಶಿಸ್ತು ಇಲ್ಲಿ ಅಗತ್ಯ.

ಈ ಶೋಧವು ನಮಗೂ ಸಂಬಂಧಿಸದ ವಿಷಯವಲ್ಲ. ಭಾರತದಲ್ಲಿದ್ದ ಸೈನಿಕರು ಊರಿಗೆ ಬರೆದ ಕಾಗದಗಳನ್ನೂ ಇಲ್ಲಿ ಮಡಿದವರ ಸುದ್ದಿಯನ್ನೂ ಅಲ್ಲಿನ ಪತ್ರಿಕೆಗಳು ಪ್ರಕಟಿಸುತ್ತಿದ್ದವು. ಬೆಂಗಳೂರು ದಂಡುಪ್ರದೇಶದ ಸಮಾಧಿಫಲಕಗಳನ್ನು ಅಭ್ಯಸಿಸುವವರು ಮೃತನ ಹುಟ್ಟೂರಿನ ಪತ್ರಿಕೆಯನ್ನೂ ಆಕರವಾಗಿ ಪರಿಗಣಿಸಬಹುದು.

ಒಟ್ಟಿನಲ್ಲಿ, ಹಳ್ಳಿಯ ಸಂತೆಯ ದಾರಿಯನ್ನು ಹಿಡಿದು ಪತ್ರಿಕೆಯನ್ನು ಗುರುತಿಸುವುದು, ಉಳಿದ ಪ್ರತಿಯ ನೆಲೆಯನ್ನು ತಿಳಿಯುವುದು, ಇತರ ದಾಖಲೆಗಳಿಂದ ದಿನಾಂಕವನ್ನು ಕಿರಿದುಗೊಳಿಸುವುದು, ಕೊನೆಗೆ ವರದಿಯನ್ನು ವಿಮರ್ಶೆಯಿಂದ ಓದುವುದು ಈ ಶೋಧದ ನಾಲ್ಕು ಹಂತಗಳು. ಸಹಿ ಹಾಕಲೂ ಬಾರದ ಎಷ್ಟೋ ಜನರ ಮಾತು, ಬೇರೊಬ್ಬರ ಬರಹದ ಮೂಲಕವಾದರೂ, ಈ ಹಾಳೆಗಳಲ್ಲಿ ಉಳಿದಿದೆ. ಆ ಹಾಳೆಗಳು ಸವೆಯುವ ಮುನ್ನ ಅವುಗಳನ್ನು ಸೂಚೀಕರಿಸಿ ಕಾಪಾಡುವುದು ಗ್ರಂಥಾಲಯಗಳ ಮೊದಲ ಹೊಣೆಯಾಗಬೇಕು.